ಅರ್ಧ ಟ್ಯಾಂಕಿಗೆ ಇಳಿದರೆ ಕುಣಿಯುತ್ತಿದ್ದ ಲಾರಿ

ಡೀಸೆಲ್ ಪಂಪ್ ಬದಲಾಯಿಸದೆ ಈ ಲಾರಿಯ ಸ್ಲೋ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ, ಒಂದೇ ಸಮ ನಿಲ್ಲುವುದಿಲ್ಲ ಎಂದು ಮೂವರು ಮೇಸ್ತ್ರಿಗಳು ಹೇಳಿದ್ದರು. ಪಂಪ್ ಹಳೆಯದೇ ಇದೆ, ಸ್ಲೋ ಸರಿಯಾಗಿ ಐದು ತಿಂಗಳಾಯಿತು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹಳೆಯ ಲಾರಿಯಲ್ಲಿ ಮುರಕಲ್ಲು (ಕೆಂಪುಕಲ್ಲು) ಸಾಗಿಸುವವರು ಇನ್ನೂ ಹಲವರಿದ್ದಾರೆ. ಅವರ ದುಡ್ಡು ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನನ್ನದು ಕೆಎಲ್ 14 ನೋಂದಣಿಯ 1998ರ ಗಾಡಿ. ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್, ಸಿಲಿಂಡರುಗಳಿಗೆ ಡೀಸೆಲ್ ತಳ್ಳುವ ಇನ್‌ಲೈನ್ ಪಂಪ್, ಎಂಜಿನ್ ವೇಗವನ್ನು ಹಿಡಿದಿಡುವ ಮೆಕ್ಯಾನಿಕಲ್ ಗವರ್ನರ್. ವಿಷು ಕಳೆದ ವಾರ ಕಾಯಿಲೆ ಶುರುವಾಯಿತು. ನಿಮಿಷಕ್ಕೆ ಆರುನೂರು ಸುತ್ತಿನ ಆಸುಪಾಸಿನಲ್ಲಿ ಸುಮ್ಮನೆ ಗುನುಗುತ್ತಿದ್ದ ಎಂಜಿನ್ ನಾನೂರಕ್ಕೆ ಕುಸಿಯುತ್ತಿತ್ತು, ಮರುಕ್ಷಣ ಒಂಬೈನೂರಕ್ಕೆ ಏರುತ್ತಿತ್ತು. ಕೆಲವು ದಿನ ಈ ಕುಣಿತವೇ ಇರುತ್ತಿರಲಿಲ್ಲ. ಮೇಸ್ತ್ರಿಯ ಶೆಡ್ಡಿಗೆ ಒಯ್ದ ದಿನ ಸ್ಲೋ ಸರಿಯಾಗಿರುತ್ತಿತ್ತು, ಕೋರೆಯ ಏರಿನಲ್ಲಿ ಕಲ್ಲು ತುಂಬಿಸುವಾಗ ಎಂಜಿನ್ ಆಫ್ ಆಗಿಯೇ ಹೋಗುತ್ತಿತ್ತು. ಮಳೆ ಹಿಡಿಯುವ ಮೊದಲು ಕೋರೆಯ ಕೆಲಸ ಮುಗಿಯಬೇಕಾದ ಹೊತ್ತು ಅದು. ಒಂದು ದಿನ ಗಾಡಿ ನಿಂತರೆ ಮೂರು ಸಾವಿರ ಹೋಯಿತೆಂದೇ ಲೆಕ್ಕ. ಒಟ್ಟು ಒಂಬತ್ತೋ ಹತ್ತೋ ದಿನ ನಿಂತಿತು.

ಮೊದಲು ಫಿಲ್ಟರ್ ಎರಡೂ ಹೊಸದು, ವಾಲ್ವಿನ ಟ್ಯಾಪೆಟ್ ಹೊಂದಿಸಿದ್ದಾಯಿತು. ಫಲವಿಲ್ಲ. ಅನಂತರ ಡೀಸೆಲ್ ಸಿಂಪಡಿಸುವ ನೋಜಲ್ ನಾಲ್ಕನ್ನೂ ಬದಲಾಯಿಸಿದೆ, ಮೂರೂವರೆ ಸಾವಿರದಷ್ಟು ಆಯಿತು. ಹೊಗೆ ಕಡಿಮೆಯಾಯಿತು, ಕುಣಿತ ಹಾಗೆಯೇ ಉಳಿಯಿತು. "ಅಣ್ಣಾ, ಗವರ್ನರ್ ಸವೆದಿದೆ. ನೀವು ಎಷ್ಟು ತಡ ಮಾಡಿದರೂ ಕೊನೆಗೆ ಅಲ್ಲಿಗೇ ಬರಬೇಕು" ಎಂದರು ಕುಂಬಳೆಯ ಮೇಸ್ತ್ರಿ. ಮಂಗಳೂರಿಗೆ ಪಂಪ್ ಒಯ್ದು ಕ್ಯಾಲಿಬ್ರೇಷನ್ ಮಾಡಿಸಿದೆ. ಹನ್ನೊಂದು ಸಾವಿರ. ಮರಳಿ ಕೂರಿಸಿ ಏರ್ ತೆಗೆದು ಸ್ಟಾರ್ಟ್ ಮಾಡಿದಾಗ ಗಡಿಯಾರದಂತೆ ನಡೆಯಿತು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಡೀಸೆಲ್ ಅಗ್ಗವಿದ್ದುದರಿಂದ ಬರುವಾಗ ಅಲ್ಲಿಂದ ಕ್ಯಾನಿನಲ್ಲಿ ತಂದು ಟ್ಯಾಂಕ್ ತುಂಬಿಸಿದ್ದೆ. ಎರಡನೆಯ ದಿನ ಸಂಜೆ ಹಳೆಯ ಕುಣಿತ ಮತ್ತೆ ಬಂತು. ಆ ತುಂಬಿದ ಟ್ಯಾಂಕಿನಲ್ಲೇ ಉತ್ತರವಿತ್ತು, ಆಗ ನನಗೆ ಹೊಳೆಯಲಿಲ್ಲ. ಮೇಸ್ತ್ರಿ ಹೊಸ ಪಂಪಿನ ಬೆಲೆ ಕೇಳಲು ಫೋನ್ ತೆಗೆದರು. ನಾನು ಗಾಡಿಯನ್ನು ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದೆ.

ಮೊದಲ ಪ್ರಯೋಗಕ್ಕೆ ಐದು ಲೀಟರಿನ ಕ್ಯಾನ್ ಸಾಕಾಯಿತು. ಅದನ್ನು ಕ್ಯಾಬಿನ್ ಮೇಲೆ ಕಟ್ಟಿ, ಅಲ್ಲಿಂದ ನೇರವಾಗಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಪೈಪ್ ಕೊಟ್ಟೆ. ಮುಕ್ಕಾಲು ಗಂಟೆ ಎಂಜಿನ್ ಅಲುಗದೆ ನಡೆಯಿತು. ಹನ್ನೊಂದು ಸಾವಿರ ಕೊಟ್ಟ ಪಂಪ್ ನಿರಪರಾಧಿ ಎಂದು ಅಂಗಳದಲ್ಲೇ ತೀರ್ಮಾನವಾಯಿತು. ಫೀಡ್ ಪಂಪಿನಿಂದ ಹಿಂದಕ್ಕೆ, ಟ್ಯಾಂಕಿನ ಕಡೆಗೆ, ಎಲ್ಲೋ ಗಾಳಿ ಎಳೆಯುತ್ತಿದೆ. ಎಳೆಯುವ ಬದಿಯಲ್ಲಿ ಬಿರುಕಿದ್ದರೆ ಎಂಜಿನ್ ನಡೆಯುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒದ್ದೆ ಕಲೆ ಹುಡುಕಿದವರಿಗೆ ಏನೂ ಸಿಗದಿದ್ದದ್ದು ಅದಕ್ಕೇ.

ನೆರೆಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯಿಂದ ನೀರಿನ ಮಟ್ಟ ನೋಡುವ ಪಾರದರ್ಶಕ ಪೈಪನ್ನು ಒಂದೂವರೆ ಅಡಿ ಕತ್ತರಿಸಿ ತಂದೆ. ಫೀಡ್ ಪಂಪಿಗೆ ಬರುವ ದಾರಿಯಲ್ಲಿ ಅದನ್ನು ಸೇರಿಸಿ ಕ್ಲಿಪ್ ಬಿಗಿದೆ. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಸ್ಲೋದಲ್ಲಿ ಒಂದೊಂದು ಸಲಕ್ಕೆ ಹೋಗುವ ಡೀಸೆಲ್ ತೀರಾ ಕಡಿಮೆ, ಅಲ್ಲಿ ಒಂದು ಗುಳ್ಳೆಯೂ ದೊಡ್ಡದೇ. ಪೈಪ್ ಸೇರಿಸುವ ಬಾಂಜೊ ಬೋಲ್ಟುಗಳ ತಾಮ್ರದ ವಾಷರ್ ಬದಲಾಯಿಸಿದೆ, ರಬ್ಬರ್ ಹೋಸ್ ಹೊಸದು ಹಾಕಿದೆ, ಜಾಯಿಂಟುಗಳಿಗೆಲ್ಲ ಗ್ರೀಸ್ ಮೆತ್ತಿ ನೋಡಿದೆ. ಗುಳ್ಳೆ ಅರ್ಧಕ್ಕಿಳಿಯಿತು, ನಿಲ್ಲಲಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹಳೆಯ ವಾಷರ್‌ಗಳನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಮೆದುವಾಗಿಸಿ, ಹೊಸದರ ಪಕ್ಕದಲ್ಲಿ ಅವನ್ನೂ ಪರೀಕ್ಷಿಸಿದೆ. ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಂದಿನಿಂದ ಹಳೆಯ ವಾಷರ್ ಎಸೆಯುವುದನ್ನು ನಿಲ್ಲಿಸಿದ್ದೇನೆ.

ಆ ರಾತ್ರಿ ಮಲಗಿದಾಗ ಮಂಗಳೂರಿನಿಂದ ಬಂದ ದಿನ ನೆನಪಾಯಿತು. ಅಂದು ಟ್ಯಾಂಕ್ ತುಂಬಿತ್ತು. ಕೆಟ್ಟ ದಿನಗಳನ್ನೆಲ್ಲ ಡೀಸೆಲ್ ಚೀಟಿಗಳ ಜೊತೆ ಹೊಂದಿಸಿ ನೋಡಿದೆ. ಅರುವತ್ತು ಲೀಟರಿನ ಟ್ಯಾಂಕು ಮೂವತ್ತೈದರ ಕೆಳಗೆ ಇಳಿದ ಮೇಲೆಯೇ ಕುಣಿತ. ಬೆಳಿಗ್ಗೆ ಎದ್ದವನೇ ಟ್ಯಾಂಕಿನ ಒಳಗೆ ಇಳಿಯುವ ಹೀರುವ ಪೈಪನ್ನು ಹೊರತೆಗೆದೆ. ಅದರ ತುದಿಗೆ ಬೆರಳಿಟ್ಟು, ಬಕೆಟ್ ನೀರಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿ ಕೊಟ್ಟೆ. ಸುಮಾರು ಮಧ್ಯದಲ್ಲಿ, ಒಳಗಿನ ತಗಡಿಗೆ ಹಿಡಿಸಿದ ಕ್ಲಿಪ್ ಮುರಿದು ಪೈಪ್ ಉಜ್ಜುತ್ತಿದ್ದ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು! ಡೀಸೆಲ್ ಅದರ ಮೇಲಿದ್ದಾಗ ಬಿರುಕಿನಿಂದಲೂ ಡೀಸೆಲೇ ಬರುತ್ತಿತ್ತು, ಕೆಳಗಿಳಿದಾಗ ಗಾಳಿ. ಏರಿನಲ್ಲಿ ನಿಲ್ಲಿಸಿದರೆ ಡೀಸೆಲ್ ಹಿಂದಕ್ಕೆ ವಾಲಿ ಬಿರುಕು ಬೇಗ ಬರಿದಾಗುತ್ತಿತ್ತು.

ಹೊಸ ಪೈಪ್, ಬ್ರೇಜಿಂಗ್, ಕ್ಲಿಪ್ ಎಲ್ಲ ಸೇರಿ ಎಂಟುನೂರು ರೂಪಾಯಿ ದಾಟಲಿಲ್ಲ. ಕ್ಲಿಪ್ ಮತ್ತೆ ಮುರಿಯದಂತೆ ಪೈಪ್ ಮತ್ತು ತಗಡಿನ ನಡುವೆ ನಾನು ಏನು ಇಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವಾರ ಹುಡುಕಿ ಕಂಡುಕೊಂಡದ್ದು ಅದು, ಗಾಡಿ ತಂದವರಿಗೆ ತೋರಿಸುತ್ತೇನೆ. ಸ್ಲೋ ಸ್ಕ್ರೂವನ್ನು ಕಿವಿಯಿಂದಲೇ ಹೊಂದಿಸುವ ಕ್ರಮವೂ ಹಾಗೆಯೇ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಎರಡು ದಿನವಿರುವಾಗ ಟ್ಯಾಂಕಿನಲ್ಲಿ ಹತ್ತು ಲೀಟರ್ ಮಾತ್ರ ಇಟ್ಟು, ಕಲ್ಲು ತುಂಬಿಸಿ, ಪೆರ್ಲದ ಏರಿನಲ್ಲಿ ನಿಲ್ಲಿಸಿದೆ. ಕುಂಬಳೆಯ ಮೇಸ್ತ್ರಿಯನ್ನು ಕರೆಸಿದ್ದೆ. ಅವರು ಬಾನೆಟ್ ಮೇಲೆ ಕೈಯಿಟ್ಟು ಐದು ನಿಮಿಷ ನಿಂತರು. "ಪೈಪ್ ಬಿಚ್ಚಿ ನೋಡಬೇಕೆಂದು ನನಗೆ ತೋಚಲಿಲ್ಲ ಅಣ್ಣಾ" ಎಂದರು. ಪಾರದರ್ಶಕ ಪೈಪ್ ಡೀಸೆಲ್‌ಗೆ ಗಡುಸಾಗಿ ಹೋಗಿತ್ತು, ಗಾರೆ ಮೇಸ್ತ್ರಿಗೆ ಹೊಸದೇ ಹತ್ತು ಮೀಟರ್ ತಂದುಕೊಟ್ಟೆ. ಈಗ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಮೂರನೆಯ ಸಿಲಿಂಡರ್ ಅರೆನಿಮಿಷ ಒದರುತ್ತದೆ. ಒದರುವುದು ನೋಜಲಿನ ಜೊತೆ ಹೋಗುತ್ತದೋ ಎಂದು, ಅದರ ನೋಜಲನ್ನು ಒಂದನೆಯದಕ್ಕೆ ಹಾಕಿ ನೋಡಬೇಕು.