ಮಾಗಿಯ ಮುಂಜಾವಿನಲ್ಲಿ ದಿನಕ್ಕೊಂದು ಷಟ್ಪದಿ

ಧನುರ್ಮಾಸದ ನಸುಕಿನಲ್ಲಿ, ಬೀದಿಯ ಮಂಜು ಕರಗುವ ಮೊದಲು, ಕುಮಾರವ್ಯಾಸ ಭಾರತವನ್ನು ಮತ್ತೆ ಓದುವುದು ಕೆಲವು ವರ್ಷಗಳಿಂದ ನಾನು ನಡೆಸಿಕೊಂಡು ಬಂದಿರುವ ರೂಢಿ. ಗದಾಪರ್ವದವರೆಗಿನ 10 ಪರ್ವಗಳನ್ನೂ ಒಂದೇ ಚಳಿಗಾಲದಲ್ಲಿ ಮುಗಿಸಬೇಕೆಂದು ಮೊದಲ ವರ್ಷ ಹಟ ಹಿಡಿದಿದ್ದೆ. ಆ ಅವಸರದಲ್ಲಿ ಕಥೆ ದಕ್ಕಿತು, ಕಾವ್ಯ ದಕ್ಕಲಿಲ್ಲ. ಮರುವರ್ಷದಿಂದ ದಿನಕ್ಕೆ ಒಂದೇ ಷಟ್ಪದಿಯನ್ನು, ಎಂದರೆ ಆರು ಸಾಲಿನ ಒಂದು ಪದ್ಯವನ್ನು, ಮೂರು ಸಲ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿಟ್ಟು, ಮನಸ್ಸಿನಲ್ಲಿ ಉಳಿದುದನ್ನು ಮೂರು ಸಾಲುಗಳಲ್ಲಿ ಬರೆಯತೊಡಗಿದೆ.

ಗಟ್ಟಿಯಾಗಿ ಓದದಿದ್ದರೆ ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯ ನಡೆ ತಿಳಿಯುವುದಿಲ್ಲ. ಅದರ 1, 2, 4, 5ನೆಯ ಸಾಲುಗಳು ಮೂರು ಮತ್ತು ನಾಲ್ಕು ಮಾತ್ರೆಗಳ (ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ) ಗಣಗಳಲ್ಲಿ ಸಾಗಿ 14 ಮಾತ್ರೆಗಳಿಗೆ ನಿಲ್ಲುತ್ತವೆ. 3 ಮತ್ತು 6ನೆಯ ಸಾಲುಗಳು 23 ಮಾತ್ರೆಗಳವರೆಗೆ ಚಾಚಿಕೊಂಡು, ಕೊನೆಯ ಗುರುವಿನಲ್ಲಿ ವಿಶ್ರಮಿಸುತ್ತವೆ. ಕವಿಯ ಮರುಕವೆಲ್ಲ ಈ ಉದ್ದದ ಸಾಲುಗಳಲ್ಲಿಯೇ ತುಂಬಿಕೊಂಡಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಉದ್ಯೋಗಪರ್ವದಲ್ಲಿ ಸಂಧಿ ಮುರಿದ ಮೇಲೆ ಕೃಷ್ಣನು ಕರ್ಣನನ್ನು ಬಳಿಯಲ್ಲಿ ಕೂರಿಸಿಕೊಂಡು ಅವನ ಜನ್ಮದ ಗುಟ್ಟನ್ನು ತಿಳಿಸುತ್ತಾನೆ. ಕಾಲೇಜಿನ ದಿನಗಳಲ್ಲಿ ಅದು ನನಗೆ ರಾಜ್ಯವನ್ನು ಒಲ್ಲೆನೆಂದ ವೀರನ ಪ್ರಸಂಗವಾಗಿತ್ತು. ನಿಧಾನವಾಗಿ ಓದಿದಾಗ ಕಂಡದ್ದು ಬೇರೆ: ಕೊರಳ ಸೆರೆ ಉಬ್ಬಿ, ಕಣ್ಣೀರು ಉಕ್ಕಿ ಬರುತ್ತಿರುವಾಗಲೂ ಕರ್ಣನ ಮನಸ್ಸು ಮೊದಲು ಮರುಗುವುದು ದುರ್ಯೋಧನನಿಗೆ ಒದಗಿದ ಕೇಡನ್ನು ನೆನೆದು. ತಾನು ಯಾರೆಂದು ತಿಳಿದ ಗಳಿಗೆಯಲ್ಲಿಯೇ ತನ್ನನ್ನು ಮರೆಯುವ ಆ ಜೀವವನ್ನು ನಾನು ಮೂವತ್ತು ವರ್ಷ ಗಮನಿಸಿಯೇ ಇರಲಿಲ್ಲವಲ್ಲ ಎಂದು ನೋವಾಯಿತು.

ಬರೆಯುವಾಗ ಮೂರು ಸಾಲಿನ ತ್ರಿಪದಿಯ, ಮಾತ್ರೆಗಳ ಎಣಿಕೆಗೆ ಕಟ್ಟುಬೀಳದ ಅಂಶಗಣಗಳು ನನಗೆ ಒಗ್ಗದ ಕಾರಣ ಐದು ಮಾತ್ರೆಗಳ ನಡಿಗೆಯನ್ನು ಆರಿಸಿಕೊಂಡೆ. ಎರಡನೆಯ ಅಕ್ಷರದ ಪ್ರಾಸವನ್ನು ಮಾತ್ರ ಬಿಡಲಿಲ್ಲ, ಏಕೆಂದರೆ ಮೊದಲು ಹೊಳೆದ ಸುಲಭದ ಮಾತನ್ನು ತಳ್ಳಿ ಇನ್ನೊಂದನ್ನು ಹುಡುಕುವಂತೆ ಮಾಡುವುದು ಅದೇ. ಆ ದಿನ ಬರೆದದ್ದು ಇದು:

ಹಾಲಿನವ ಬರಲಿಲ್ಲ, ಮಂಜು ಬಾಗಿಲ ತನಕ;
ಮೂಲೆಯಲಿ ದೀಪದಡಿ ಕೂತ ಕರ್ಣ.
ಶಾಲನವನಿಗೆ ಹೊದಿಸಲೇನು ನಾನು?

ಮೂರನೆಯ ಸಾಲಿನಲ್ಲಿ ಮೊದಲು ಅವನ ಕಣ್ಣೀರನ್ನೇ ಬರೆದಿದ್ದೆ. ಅದನ್ನು ಕವಿ ಆಗಲೇ ಹೇಳಿದ್ದಾನೆ ಎನ್ನಿಸಿ ಹೊಡೆದುಹಾಕಿ, ಹೆಗಲ ಮೇಲಿದ್ದ ಶಾಲನ್ನು ಬರೆದೆ. ಮರುದಿನ ಮುಂದಿನ ಷಟ್ಪದಿಗೆ ಹೋಗಲು ಮನಸ್ಸಾಗದೆ, ಅದೇ ಪದ್ಯವನ್ನು ಮತ್ತೆ ಮೂರು ಸಲ ಓದಿದೆ.