ವಸಂತದ ಹಿಮದಲ್ಲಿ ಸಂಚಾರ: ಹಿಂದಿನ ರಾತ್ರಿಯಿಂದಲೇ ಆರಂಭವಾಗುವ ಎಚ್ಚರ

ಚಳಿಗಾಲದಲ್ಲಿ ಹೊಸ ಹಿಮದ ಭಾರಕ್ಕೆ, ಅಥವಾ ಗಾಳಿ ಹೊತ್ತು ತಂದು ಪೇರಿಸಿದ ಹಿಮದ ಭಾರಕ್ಕೆ, ಒಳಗಿನ ದುರ್ಬಲ ಪದರ ಮುರಿದು ಹಿಮಕುಸಿತವಾಗುವುದು ಸಾಮಾನ್ಯ. ವಸಂತದಲ್ಲಿ ಈ ಕೆಲಸವನ್ನು ನೀರು ಮಾಡುತ್ತದೆ. ಬಿಸಿಲಿಗೆ ಕರಗಿದ ನೀರು ಕೆಳಗಿಳಿದು ಹರಳುಗಳ ನಡುವಿನ ಬೆಸುಗೆಯನ್ನು ಬಿಡಿಸುವುದರಿಂದ, ಮುಂಜಾನೆ ಕಲ್ಲಿನಂತಿದ್ದ ಇಳಿಜಾರು ಕೆಲವೇ ಗಂಟೆಗಳಲ್ಲಿ ಜಾರಿ ಬರಬಹುದು. ಆದ್ದರಿಂದ ಎಲ್ಲಿ ನಡೆಯಬೇಕು ಎಂಬುದರಷ್ಟೇ ಎಷ್ಟು ಹೊತ್ತಿಗೆ ನಡೆಯಬೇಕು ಎಂಬುದೂ ಮುಖ್ಯವಾಗುತ್ತದೆ.

ಹೊರಡುವ ತೀರ್ಮಾನವನ್ನು ಹಿಂದಿನ ರಾತ್ರಿಯ ಆಕಾಶ ನೋಡಿ ಮಾಡಬೇಕು. ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಬಿಟ್ಟುಕೊಟ್ಟು, ಗಾಳಿಯ ಉಷ್ಣಾಂಶ 0 ಡಿಗ್ರಿಗಿಂತ ತುಸು ಮೇಲಿದ್ದರೂ ಹೆಪ್ಪುಗಟ್ಟಬಲ್ಲದು; ಮೋಡ ಮುಚ್ಚಿದ್ದರೆ ಆ ಶಾಖ ಹೊರಹೋಗದೆ ಹಿಮ ಮೆತ್ತಗೇ ಉಳಿಯುತ್ತದೆ. ರಾತ್ರಿಯಿಡೀ ಮೋಡ ಕವಿದಿದ್ದು ಬೆಚ್ಚಗಿದ್ದರೆ, ಅಥವಾ ಮಳೆ ಬಿದ್ದಿದ್ದರೆ, ಕಡಿದಾದ ಇಳಿಜಾರುಗಳ ಯೋಜನೆಯನ್ನು ಅಂದು ಕೈಬಿಡುವುದೇ ಸರಿಯೆಂದು ನಾನು ನಂಬುತ್ತೇನೆ. ಹೆಪ್ಪುಗಟ್ಟಿದೆಯೆಂದು ಕಂಡರೂ ಕಣ್ಣನ್ನಷ್ಟೇ ನಂಬಬಾರದು. ಸಮತಟ್ಟಾದ ಜಾಗದಲ್ಲಿ ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತು ನೋಡಿ. ಗಟ್ಟಿ ಪದರ ಸದ್ದಿಲ್ಲದೆ ತಡೆದುಕೊಂಡರೆ ಒಳ್ಳೆಯ ಲಕ್ಷಣ. ತೆಳ್ಳನೆಯ ಹಪ್ಪಳದಂತೆ ಮುರಿದು ಕಾಲು ಒದ್ದೆ ಹಿಮದೊಳಗೆ ಹೂತುಹೋದರೆ, ಮೇಲಿನ ಆ ತೊಗಟೆ ಸೂರ್ಯ ಬಂದ ಸ್ವಲ್ಪ ಹೊತ್ತಿಗೇ ಕರಗುತ್ತದೆ.

ಉತ್ತರಾರ್ಧಗೋಳದಲ್ಲಿ ಬಿಸಿಲು ಮೊದಲು ಪೂರ್ವಕ್ಕೆ ಮುಖ ಮಾಡಿದ ಇಳಿಜಾರನ್ನು, ಅನಂತರ ದಕ್ಷಿಣದ್ದನ್ನು, ಮಧ್ಯಾಹ್ನ ಕಳೆದ ಮೇಲೆ ಪಶ್ಚಿಮದ್ದನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಟು, ಪೂರ್ವದ ಇಳಿಜಾರನ್ನು ಎಲ್ಲಕ್ಕಿಂತ ಮೊದಲು ದಾಟಿಬಿಡಬೇಕು. ಉತ್ತರದ ನೆರಳಿನ ಇಳಿಜಾರಿನಲ್ಲಿ ಚಳಿಗಾಲದ ಒಣ ಹಿಮವೂ ಅದರೊಳಗಿನ ದುರ್ಬಲ ಪದರವೂ ಬಹಳ ದಿನ ಉಳಿದಿರಬಹುದು. ಅಲ್ಲಿ ಮುಂಜಾನೆಯ ಗಟ್ಟಿತನದ ಲೆಕ್ಕ ನಡೆಯುವುದಿಲ್ಲ. ವಸಂತದಲ್ಲಿ ಹೊಸದಾಗಿ ಹಿಮ ಸುರಿದರೆ, ಅದರ ಮೇಲೆ ಮೊದಲ ಬಿಸಿಲು ಬೀಳುವ ದಿನ ವಿಶೇಷವಾಗಿ ಅಪಾಯಕಾರಿ.

ನಡೆಯುತ್ತಿರುವಾಗ ಹಿಮವೇ ಮುನ್ಸೂಚನೆ ಕೊಡುತ್ತದೆ. ಬಂಡೆಗಳ ಬುಡದಿಂದ ಸಣ್ಣ ಹಿಮದುಂಡೆಗಳು ಉರುಳಿ, ಉರುಳಿದಂತೆ ಸುರುಳಿ ಸುತ್ತಿಕೊಂಡು ದಪ್ಪವಾಗತೊಡಗಿದರೆ ಮೇಲ್ಪದರ ಸಡಿಲವಾಗುತ್ತಿದೆ ಎಂದರ್ಥ. ಒಂದು ಹಿಡಿ ಹಿಮವನ್ನು ಹಿಂಡಿದಾಗ ನೀರು ತೊಟ್ಟಿಕ್ಕಿದರೆ, ಅಥವಾ ಬೂಟು ಹರಡಿನವರೆಗೆ ಮುಳುಗತೊಡಗಿದರೆ, ತಿರುಗಿ ಹೊರಡುವ ಹೊತ್ತು ಬಂದಿದೆ. ಇನ್ನೊಂದು ಹತ್ತು ನಿಮಿಷ ನೋಡೋಣ ಎನ್ನಬಾರದು.

ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಆರಂಭವಾಗುತ್ತವೆ. ನೀವು ನಿಂತ ನೆಲ ಸಮತಟ್ಟಾಗಿದ್ದರೂ ತಲೆಯ ಮೇಲೆ ಅಂಥ ಇಳಿಜಾರಿದ್ದರೆ ಅಪಾಯ ನಿಮ್ಮದೇ. ದಿಬ್ಬದಂಚಿನಿಂದ ಹೊರಚಾಚಿದ ಹಿಮದ ಸೂರು ಬಿಸಿಲಿಗೆ ತಾನಾಗಿಯೇ ಮುರಿದು ಬೀಳುತ್ತದೆ, ಅದೂ ನಾವು ಊಹಿಸಿದ್ದಕ್ಕಿಂತ ಹಿಂದಿನಿಂದ ಮುರಿಯುತ್ತದೆ. ಅದರ ಮೇಲೂ ಕೆಳಗೂ ಹೋಗಬೇಡಿ. ಅನುಮಾನವಿರುವ ಜಾಗವನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಸ್ಥಳದಿಂದ ಕಣ್ಣಿಟ್ಟಿರಬೇಕು. ಟ್ರಾನ್ಸೀವರ್ (ಹೂತುಹೋದವರಿರುವ ಜಾಗವನ್ನು ಸಂಕೇತದಿಂದ ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು) ಮತ್ತು ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು, ಏಕೆಂದರೆ ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷಗಳ ಬಳಿಕ ವೇಗವಾಗಿ ಕುಸಿಯುತ್ತದೆ. ಒದ್ದೆ ಹಿಮವಂತೂ ನಿಂತ ಕೂಡಲೇ ಕಾಂಕ್ರೀಟಿನಂತೆ ಬಿಗಿಯುತ್ತದೆ.

ಹಿಂದಿರುಗುವ ದಾರಿಯ ಬಗ್ಗೆ ಹೊರಡುವ ಮೊದಲೇ ಯೋಚಿಸಿ. ಬೆಳಿಗ್ಗೆ ಏರಿದ ಅದೇ ಇಳಿಜಾರಿನಲ್ಲಿ ಮಧ್ಯಾಹ್ನ ಇಳಿಯುವುದು ಬೇರೆಯೇ ಬೆಟ್ಟದಲ್ಲಿ ಇಳಿದಂತೆ. ಆದ್ದರಿಂದ ಶಿಖರ ಸಿಗಲಿ ಬಿಡಲಿ, ತಿರುಗುವ ಸಮಯವನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ಹೇಗೋ ತಡವಾಗಿಯೇ ಬಿಟ್ಟರೆ, ಮೇಲೆ ಕಡಿದಾದ ಹಿಮವಿಲ್ಲದ ಏಣಿನಲ್ಲೋ ದಿನ್ನೆಯಲ್ಲೋ ಬೆಚ್ಚನೆಯ ಬಟ್ಟೆ ಹೊದ್ದು ಕಾಯಿರಿ. ನೆರಳು ಬಂದೊಡನೆ ಹೊರಡದೆ, ಹಿಮ ಮತ್ತೆ ಕಾಲಿನ ಭಾರ ತಡೆಯುವಷ್ಟು ಗಟ್ಟಿಯಾದ ಮೇಲಷ್ಟೇ ಇಳಿಯಿರಿ.