ಹಳೇ ಕಾರು ಮಿಸ್ಸಿಂಗ್ ಹೊಡೆದರೆ ಎಲ್ಲಿಂದ ಹುಡುಕಬೇಕು

ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯಲು, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸಲು, ಶುರು ಮಾಡಿದ ಕೂಡಲೇ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ಪಾನರ್ ಮುಟ್ಟುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ: ಯಾವಾಗ ಆಗುತ್ತದೆ? ಯಾವ ಸಿಲಿಂಡರ್‌ನಲ್ಲಿ?

ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ನಡುಗಿ, ಆಕ್ಸಿಲರೇಟರ್ ಒತ್ತಿದ ಮೇಲೆ ಸರಿಹೋದರೆ ಮೊದಲ ಅನುಮಾನ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್ (ಇಂಜಿನ್ ಗಾಳಿ ಎಳೆಯುವ ಕಡೆಗೆ ಸೇರಿದ ಕೊಳವೆ) ಮೇಲೆ. ಕಿವಿಗೊಟ್ಟರೆ ಎಷ್ಟೋ ಸಲ ಬುಸ್ಸೆನ್ನುವುದು ಕೇಳುತ್ತದೆ. ಏರು ಹತ್ತುವಾಗ ಮಾತ್ರ ಜರ್ಕ್ ಹೊಡೆದರೆ ಕಿಡಿಯನ್ನು ಅನುಮಾನಿಸಿ. ಸಿಲಿಂಡರ್ ಒಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು; ಸೊರಗಿದ ಕಾಯಿಲ್ ಅಲ್ಲೇ ಕೈಕೊಡುತ್ತದೆ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಓಡಿಸುತ್ತಾ ಪರೀಕ್ಷೆ ಮಾಡಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜಾಲರಿಯೇ ಕರಗುತ್ತದೆ.

ಇಂಜಿನ್ ಕಂಪ್ಯೂಟರ್‌ನ ದೋಷ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಪಿ0302 ಅಂದರೆ ಎರಡನೇ ಸಿಲಿಂಡರ್, ಪಿ0303 ಅಂದರೆ ಮೂರನೆಯದು. ಪಿ0300 ಬಂದರೆ ನಿರ್ದಿಷ್ಟ ಸಿಲಿಂಡರ್ ಸಿಕ್ಕಿಲ್ಲ ಎಂದರ್ಥ. ಗಾಳಿ, ಪೆಟ್ರೋಲ್ ಕಡೆ ನೋಡಿ. ಕೋಡ್ ಹೇಳುವುದು ಜಾಗವನ್ನು, ಕಾರಣವನ್ನಲ್ಲ. ಸ್ಕ್ಯಾನರ್ ಇಲ್ಲವೇ? ಇಂಜಿನ್ ಐಡಲ್‌ನಲ್ಲಿ ಬಿಟ್ಟು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಸಿಕ್ಕಿಸಿ. ಬಿಚ್ಚಿದಾಗ ಇಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಕಳ್ಳ ಅವನೇ. ಓಡುತ್ತಿರುವ ಇಂಜಿನ್‌ನಲ್ಲಿ ಪ್ಲಗ್ ಕೇಬಲ್ ಎಳೆಯುವ ಹಳೇ ಚಾಳಿ ಬೇಡ, ಶಾಕ್ ಜೋರಾಗಿಯೇ ಹೊಡೆಯುತ್ತದೆ.

ಎರಡನೆಯದು ಸತ್ತಿದೆ ಎನ್ನೋಣ. ಇಂಜಿನ್ ಆಫ್ ಮಾಡಿ ಅದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಇದಕ್ಕೆ ಹಾಕಿ. ಮಿಸ್ಸಿಂಗ್ ಮೂರಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ, ಮುಗಿಯಿತು. ಎರಡರಲ್ಲೇ ಉಳಿದರೆ ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತುದಿ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಸಾಲುತ್ತಿಲ್ಲ, ಜಿಡ್ಡು ಕಪ್ಪಾದರೆ ಆಯಿಲ್ ಒಳಗೆ ಬರುತ್ತಿದೆ. ತುದಿ ನೋಡಿ ಬಿಟ್ಟುಬಿಡಬೇಡಿ, ಬಿಳಿ ಪಿಂಗಾಣಿಯ ಉದ್ದಕ್ಕೂ ತಿರುಗಿಸಿ ನೋಡಿ. ಪೆನ್ಸಿಲಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಒಳಗೆ ಹಾರದೆ ಹೊರಗಿನಿಂದಲೇ ಲೋಹಕ್ಕೆ ಜಾರುತ್ತಿದೆ. ಅದೇ ಗೆರೆ ಕಾಯಿಲ್‌ನ ರಬ್ಬರ್ ಬೂಟಿನ ಒಳಗೂ ಇರುತ್ತದೆ. ಬೂಟು ಬದಲಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಹಾಗೇ ಹಾಳು. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಕಡೆಯ ಸೀಲ್ ಹೋಗಿದೆ.

ಪ್ಲಗ್, ಕಾಯಿಲ್ ಚೆನ್ನಾಗಿದ್ದರೆ ಇಂಜೆಕ್ಟರನ್ನೂ ಅದಲುಬದಲು ಮಾಡಬಹುದು, ಆದರೆ ನಾನು ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ನೋಡುತ್ತೇನೆ. ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್ ಮಾಡಿ, ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಸಿಕ್ಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಮಾತ್ರ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಸುಟ್ಟಿರುವ ಸಂಭವ.

ಮಿಸ್ಸಿಂಗ್ ಇಲ್ಲದೆ ಬರೀ ಪಿಕಪ್ ಸತ್ತಿದ್ದರೆ ಅದು ಬೇರೆ ರೋಗ. ಪೆಡಲ್ ಪೂರ್ತಿ ಒತ್ತಿದಾಗ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ ನೋಡಿ, ಕೆಳಗಿನ ಮ್ಯಾಟ್ ಅಡ್ಡ ಬರುವುದೂ ಉಂಟು. ಏರ್ ಫಿಲ್ಟರ್, ಫ್ಯೂಯಲ್ ಫಿಲ್ಟರ್ ನೋಡಿ. ಆಮೇಲೆ ಇಂಜಿನ್ ಗಾಳಿ ಎಳೆಯುವ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ. ಒಳ್ಳೇ ಇಂಜಿನ್ ಐಡಲ್‌ನಲ್ಲಿ ಸಾಮಾನ್ಯವಾಗಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಹೊಗೆಗೆ ದಾರಿ ಕಟ್ಟಿದೆ, ಬಹುಪಾಲು ಕನ್ವರ್ಟರ್‌ನಲ್ಲೇ. ಹೊಸ ಕನ್ವರ್ಟರ್ ತರುವ ಮೊದಲು, ಹಿಂದೆ ಮಿಸ್ಸಿಂಗ್ ಇತ್ತೇ, ಇಂಜಿನ್ ಆಯಿಲ್ ಕುಡಿಯುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಹಳೆಯದನ್ನು ಕೊಂದ ಕಾರಣ ಒಳಗೇ ಉಳಿದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.